ತಪ್ಪು ಗೆರೆ

"ಸಂಜೆಯೊಳಗೆ ಸರಿ ಮಾಡದಿದ್ರೆ ಬೇರೆಯವರನ್ನ ಕರೆಸ್ತೀನಿ," ಎಂದು ಹೇಳಿ ಡಾಕ್ಟರು ಊಟಕ್ಕೆ ಹೋದರು.

ಎದೆಬಡಿತವನ್ನು ಗೆರೆಯಾಗಿ ತೋರಿಸುವ ಇಸಿಜಿಯ ಹೊಸ ಸಾಫ್ಟ್‌ವೇರು ಕ್ಲಿನಿಕ್ಕಿನ ಹಳೇ ಕಂಪ್ಯೂಟರಿನಲ್ಲಿ ಬೆಳಿಗ್ಗೆಯಿಂದ ತೆರೆದುಕೊಂಡೇ ಇರಲಿಲ್ಲ. ಈಗ ಹೇಗೋ ತೆರೆದುಕೊಂಡಿತ್ತು. ಆದರೆ ರಿಪೇರಿಗೆ ಬಂದಿದ್ದ ಕುಸುಮಾಳ ಗಂಡ ಅದರ ಕ್ಲಿಪ್ಪುಗಳನ್ನು ತನ್ನ ಕೈಕಾಲಿಗೆ ಸಿಕ್ಕಿಸಿಕೊಂಡು ನೋಡಿದಾಗಲೆಲ್ಲ ಪರದೆಯ ಮೇಲಿನ ಗೆರೆ ಅಡ್ಡಾದಿಡ್ಡಿ ಕುಣಿಯುತ್ತಿತ್ತು. ತೆಗೆದು ಮತ್ತೆ ಹಾಕಿದ. ಮತ್ತೆ ಅದೇ ಕುಣಿತ.

"ಈ ಮುದಿ ಡಬ್ಬಕ್ಕೆ ಹೊಸದು ಜೀರ್ಣ ಆಗಲ್ಲ ಕಣೇ," ಎಂದು ಅವನು ಬೆವರು ಒರೆಸಿಕೊಂಡ. "ಈ ಕೆಲಸ ಕೈತಪ್ಪಿದ ಹಾಗೇ."

ಅವನಿಗೆ ಬುತ್ತಿ ತಂದಿದ್ದ ಕುಸುಮಾ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

"ಒಂದ್ಸಲ ನನಗೆ ಹಾಕಿ ನೋಡ್ರೀ," ಎಂದು ಸಂಕೋಚದಿಂದಲೇ ಕೈ ಚಾಚಿದಳು.

"ಓಹೋ, ದೊಡ್ಡ ಎಂಜಿನಿಯರಮ್ಮ ಬಂದ್ರು!" ಅವನು ತನ್ನ ಕೈಕಾಲಿನ ಕ್ಲಿಪ್ಪುಗಳನ್ನು ಬಿಚ್ಚಿ ಹಾಗೆಯೇ ಅವಳಿಗೆ ಸಿಕ್ಕಿಸಿದ.

ಗೆರೆ ಮಿಷನ್ನಿನ ಹೊಲಿಗೆಯಂತೆ ಒಂದೇ ಸಮನೆ ಸಾಗತೊಡಗಿತು.

"ಬಂತು! ಸರಿಹೋಯ್ತು ನೋಡೇ!" ಅವನು ಮೇಜು ಕುಟ್ಟಿ ನಕ್ಕ.

ಕುಸುಮಾ ನಗಲಿಲ್ಲ; ಅವನ ಎದೆಯನ್ನೇ ನೋಡಿದಳು.

"ಮಧ್ಯದಲ್ಲಿ ನೀವು ಏನೂ ಸರಿಮಾಡ್ಲೇ ಇಲ್ವಲ್ರೀ."