ಉಡಿಯೊಳಗಿನ ಬೆಕ್ಕು

"ಬಸ್ ಬಂದು ನಿಂತೈತಿ, ಹತ್ತಂಗಿಲ್ಲ ಅಂದ್ರ ಹ್ಯಾಂಗ?" ನಬಿಸಾಬ ಮೊಬೈಲಿಗೆ ಬಾಯಿ ಹಚ್ಚಿ ಕೂಗಿದ. ಮೋರಟಗಿಯಲ್ಲಿ ಕೂಗಿದ್ದು ಫೋನಿಲ್ಲದೆಯೂ ಯುಕ್ರೇನಿನ ನೆಲಮಾಳಿಗೆಗೆ ಮುಟ್ಟಬೇಕು, ಹಾಗೆ. ಡಾಕ್ಟರಿಕೆ ಓದಲು ಹೋದ ಮಗಳು ಗುಲನಾಜ ಅಲ್ಲಿ ಯುದ್ಧದ ನಡುವೆ ಸಿಕ್ಕಿಕೊಂಡು, ಕೆಲವು ಮುದುಕಿಯರ ಜೊತೆ ನೆಲಮಾಳಿಗೆಯಲ್ಲಿ ಅಡಗಿದ್ದಳು. ಗಡಿಗೆ ಹೋಗುವ ಬಸ್ಸಿನಲ್ಲಿ ಉಳಿದದ್ದು ಒಂದೇ ಸೀಟು.

"ಅಬ್ಬಾ, ಈ ಮುದುಕ್ಯಾರ್ನ ಬಿಟ್ಟ ಹ್ಯಾಂಗ ಬರ್ಲಿ? ನೀರು, ಗುಳಿಗಿ ಎಲ್ಲಾ ನಾನ ಕೊಡಾಕತ್ತೇನಿ. ಒಬ್ಬಾಕಿ ಅಂತೂ ಬೆಕ್ಕ ಬಿಟ್ಟ ಹೊರಗ ಬರಂಗಿಲ್ಲ ಅಂತ ಹಟಾ ಹಿಡದಾಳ."

"ಮೊದಲ ನಿನ್ನ ಜೀಂವಾ ನೋಡ್ಕೊ! ಮಂದಿ ಉದ್ಧಾರ ಆಮ್ಯಾಲ."

"ಹಂಗಂದ್ರ ಡಾಕ್ಟರಿಕಿ ಓದಾಕ ಯಾಕ ಕಳಿಸಿದ್ರಿ?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ರಮಜಾನಬಿ ಹಿಟ್ಟಿನ ಕೈಯಲ್ಲೇ ಮೊಬೈಲ್ ಕಸಿದುಕೊಂಡಳು. "ತೋರ್ಸ ಆ ಬೆಕ್ಕಿನಾಕಿನ್ನ."

ವಿಡಿಯೋ ಕಾಲಿನಲ್ಲಿ ತಲೆಗೆ ಹೂವಿನ ರುಮಾಲು ಕಟ್ಟಿದ ಮುದುಕಿ ಕಾಣಿಸಿದಳು, ಎದೆಗವಚಿದ ಬಿಳಿ ಬೆಕ್ಕಿನೊಂದಿಗೆ.

"ಏ ಹುಚ್ಚಿ! ಮಗ್ಗಲದಾಗ ಬಾಂಬ್ ಬೀಳಾಕತ್ತಾವು, ಬೆಕ್ಕಿಗಿ ಜೋಗುಳ ಹಾಡ್ತಿಯೇನ? ನೀ ಏಳಲಿಲ್ಲಂದ್ರ ನನ್ನ ಮೊಮ್ಮಗಳೂ ಏಳಂಗಿಲ್ಲ!"

ಮುದುಕಿಗೆ ಕನ್ನಡ ಬಾರದಿದ್ದರೂ ಬೈಗಳು ತಿಳಿಯಿತು. ಬೆರಳು ಆಡಿಸುತ್ತ ಆಕೆಯೂ ತನ್ನ ಭಾಷೆಯಲ್ಲಿ ಸುರಿಸಿದಳು. ಒಬ್ಬಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬಳು. ಮಜ್ಜಿಗೆಗೆ ಬಂದ ಪಕ್ಕದ ಮನೆಯ ಲಕ್ಕವ್ವ ಬಾಗಿಲಲ್ಲೇ ಹೊಟ್ಟೆ ಹಿಡಿದು ನಕ್ಕಳು. "ಯಕ್ಕಾ, ದಿನಾ ಬೈಯಾಕ ನಾ ಬೇಕಿತ್ತ, ಇವತ್ತ ಬ್ಯಾರೇದಾಕಿನ್ನ ಹಿಡದಿ ಅಲ್ಲ!"

"ಬೆಕ್ಕಂತ, ಬೆಕ್ಕ! ಉಡಿಯಾಗ ಹಾಕ್ಕೊಂಡ ಏಳ!" ರಮಜಾನಬಿ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿದಳು. ಸೆರಗನ್ನು ಉಡಿ ಕಟ್ಟಿ, ಒಲೆಯ ಬಳಿ ಮಲಗಿದ್ದ ತಮ್ಮ ಬೆಕ್ಕನ್ನೇ ಎತ್ತಿ ಅದರೊಳಗೆ ಹಾಕಿ ತೋರಿಸಿದಳು. ಅದು ಚೀರಿತು. ಆ ಕಡೆಯ ಬೆಕ್ಕು ಉತ್ತರ ಕೊಟ್ಟಿತು. ಮುದುಕಿಯ ಬೈಗಳು ಅರ್ಧಕ್ಕೇ ನಿಂತಿತು. ದಪ್ಪ ಸ್ವೆಟರಿನ ಅಂಚನ್ನು ಹಾಗೆಯೇ ಎತ್ತಿ ಹಿಡಿದು, ಬೆಕ್ಕನ್ನು ಅದರೊಳಗಿಟ್ಟು, ಎದ್ದೇಬಿಟ್ಟಳು.

ಮೊಬೈಲಿನಲ್ಲಿ ಚಿತ್ರ ಕುಣಿಯಿತು. ಮೆಟ್ಟಿಲು, ಹಿಮ, ಬಸ್ಸಿನ ಬಾಗಿಲು. "ಹೊಂಟಳ ನೋಡ್ರಿ!" ನಬಿಸಾಬ ಚಪ್ಪಾಳೆ ತಟ್ಟಿದ. ಕಿಟಕಿಯಲ್ಲಿ ಮುದುಕಿ ಬೆಕ್ಕಿನ ಕಾಲು ಹಿಡಿದು ರಮಜಾನಬಿಗೆ ಟಾಟಾ ಮಾಡಿಸಿದಳು. ಬಸ್ ಹೊರಟಿತು.

ಚಪ್ಪಾಳೆ ನಿಂತಿತು. "ಗುಲನಾಜ... ಅದು ನಿನ್ನ ಸೀಟ್ ಅಲ್ಲೇನ?"

"ಹೌದು ಅಬ್ಬಾ." ಆಕೆ ಏದುಸಿರು ಬಿಡುತ್ತ ನಗುತ್ತಿದ್ದಳು. "ನಾಳೆ ಮತ್ತೊಂದ ಬಸ್ ಬರ್ತೈತಂತ. ದಾದಿಮಾ, ಫೋನ್ ಇಡಬ್ಯಾಡ. ಕೆಳಗ ಇನ್ನೂ ಹಟಮಾರಿ ಮುದುಕ್ಯಾರ ಅದಾರ. ಅವರಿಗೂ ಬೈ."

ಹಂಚಿನ ಮೇಲೆ ರೊಟ್ಟಿ ಕರಕಲಾಗುತ್ತಿತ್ತು. ರಮಜಾನಬಿ ಅದನ್ನು ಕೆಳಗಿಳಿಸಿದಳು. ಆಮೇಲೆ ಉಡಿಯೊಳಗಿನ ಬೆಕ್ಕನ್ನು ಲಕ್ಕವ್ವನ ಕೈಗೆ ಕೊಟ್ಟು, ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

"ತೋರ್ಸ, ಯಾರದಾರ."