ಕಲ್ಲಿಗೊಂದು ವಿಮಾನ

ಸೀಟು ಬೇಡ ಎಂದವನ ಮೇಲೆ ಮುಬಶೀರನಿಗೆ ಮೊದಲು ಬಂದದ್ದು ಅನುಮಾನ.

"ಗಾಜಿನ ಮುಚ್ಚಳನೂ ಬ್ಯಾಡ ಮೇಷ್ಟ್ರೇ. ಅಲ್ಲಿ ಬರೀ ಗುಂಡಿ ಇದ್ರೆ ಸಾಕು," ಎಂದ ಲಕ್ಕಣ್ಣ. ಯಗಟಿಯ ಕುರಿಗಾರ. ಹೆಗಲ ಮೇಲೆ ಕಂಬಳಿ. ಬೆಳಗಿನ ಬಸ್ಸಿಗೆ ಬೀರೂರಿಗೆ ಬಂದು, ಮನೆ ಕೇಳಿಕೊಂಡು ಹುಡುಕಿ ಬಂದಿದ್ದ. ಅವನ ಹಿಂದೆ ಹೊಸ್ತಿಲ ಹೊರಗೇ ನಿಂತವಳು ಹೆಂಡತಿ ಅಂಬಮ್ಮ.

ಕುರಿಗಾರನಿಗೆ ಯುದ್ಧವಿಮಾನದ ಮಾದರಿ ಯಾಕೆ? ಕೇಳುವ ಮೊದಲೇ ಲಕ್ಕಣ್ಣ ಹೇಳಿದ.

"ವಿಮಾನ ಬಿದ್ದು ನಮ್ಮ ಮಗು ಹೋಯ್ತು. ಕಲ್ಲು ನಿಲ್ಲಿಸ್ಬೇಕು."

ಮುಬಶೀರನ ಅನುಮಾನ ನಾಚಿಕೆಯಾಗಿ ಕರಗಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಅವನು ಒಂದು ಕಾಲದಲ್ಲಿ ಪೈಲಟ್ ಆಗಲು ಹೊರಟಿದ್ದವನು. ಕಣ್ಣಿನ ಪರೀಕ್ಷೆಯಲ್ಲಿ ಹಿಂದಕ್ಕೆ ಕಳಿಸಿದ್ದರು. ಅಂದಿನಿಂದ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಪುಟ್ಟ ವಿಮಾನಗಳನ್ನು ಮಾಡುತ್ತಿದ್ದ. ತನಗೆ ಸಿಗದ ಜಾಗದಲ್ಲಿ ಈ ಕುರಿಗಾರನ ಮನೆಯ ಕೂಸು ಕೂತಿತ್ತು.

ಸತ್ತವರಿಗೆ ಹೊಲದ ಅಂಚಿನಲ್ಲಿ ಕಲ್ಲು ನಿಲ್ಲಿಸಿ, ಅವರು ಹೇಗೆ ಹೋದರೆಂಬುದನ್ನು ಅದರ ಮೇಲೆ ಕೆತ್ತಿಸುವುದು ಲಕ್ಕಣ್ಣನ ಮನೆತನದ ವಾಡಿಕೆ. ಅವನ ಅಜ್ಜನ ಕಲ್ಲಿನ ಮೇಲೆ ಚಿರತೆಯಿದೆ. ಆದರೆ ಊರಿನ ಕಲ್ಲುಕುಟಿಗ ಗಿರಿಯಪ್ಪ ವಿಮಾನವನ್ನು ಹತ್ತಿರದಿಂದ ಕಂಡವನಲ್ಲ. ಕಣ್ಣೆದುರು ಇಟ್ಟರೆ ಮಾತ್ರ, ಇಟ್ಟದ್ದನ್ನು ಇಟ್ಟ ಹಾಗೆ ಕೆತ್ತುತ್ತಾನೆ.

"ಯಾವ ವಿಮಾನ ಅಂತ ಗೊತ್ತಾ?"

ಲಕ್ಕಣ್ಣ ಕಪಾಟಿನ ಮಾದರಿಗಳನ್ನು ಒಂದೊಂದಾಗಿ ತಲೆಯ ಮೇಲಕ್ಕೆ ಎತ್ತಿ ಹಿಡಿದು, ಕತ್ತೆತ್ತಿ ಹೊಟ್ಟೆ ನೋಡಿದ.

"ನಿನ್ ಕಂಬ್ಳಿಗೆ ಸಿಕ್ಕಿ ಒಂದು ರೆಕ್ಕೆ ಮುರ್ದೀತು," ಎಂದಳು ಅಂಬಮ್ಮ ಹೊರಗಿನಿಂದ.

"ಸುಮ್ನಿರೇ." ಚೂಪು ಮೂತಿಯ, ಒಂಟಿ ಇಂಜಿನ್ನಿನ ಒಂದನ್ನು ಹಿಡಿದು ಅವನ ಕೈ ನಿಂತಿತು. "ಇದೇ. ಆದ್ರೆ ಚಕ್ರ ಮಡಚಿರ್ಬೇಕು. ಹೊಟ್ಟೆ ಚೆನ್ನಾಗಿ ಕಾಣ್ಬೇಕು."

"ಫೋಟೋ ಇದ್ರೆ ಕೊಡಿ, ಮುಖ ಗಮನಿಸ್ತೀನಿ."

"ಮುಖ ಯಾಕೆ ಮೇಷ್ಟ್ರೇ, ವಿಮಾನಕ್ಕೆ?"

ಅವರು ಹೋದ ಮೇಲೆ ಮುಬಶೀರ್ ಹೊಸ ಕಿಟ್ ತರಿಸಿದ. ಕೂಡು ಗೆರೆಗಳನ್ನು ಉಪ್ಪುಕಾಗದದಿಂದ ಉಜ್ಜಿ ಅಳಿಸಿದ. ನಿಜವಾದ ವಿಮಾನದಲ್ಲಿ ತಗಡುಗಳು ಸೇರುವ ಗೆರೆಗಳನ್ನು ಸೂಜಿಯ ಮೊನೆಯಿಂದ ಮತ್ತೆ ಕೊರೆದ. ಬೂದು ಬಣ್ಣದ ಮೇಲೆ ತೆಳುವಾದ ಕಪ್ಪು ಹರಿಸಿ ಒರೆಸಿದಾಗ ಆ ಗೆರೆಗಳು ನರಗಳ ಹಾಗೆ ಎದ್ದವು. ಬಾಲದ ಬಳಿ ಹೊಗೆಯ ಮಸಿ ಹಚ್ಚಿದ.

"ನಮ್ಮ ಮದುವೆ ಫೋಟೋನ ಒಂದು ದಿನಾನೂ ಹೀಗೆ ಒರೆಸಿದ್ದಿಲ್ಲ ನೀವು," ಎಂದಳು ನಸ್ರೀನ್, ಅವನ ಹೆಂಡತಿ.

ಎಲ್ಲ ಮುಗಿದಾಗ ಪೈಲಟ್ ಕೂರುವ ಆ ಗುಂಡಿ ಮಾತ್ರ ಉಳಿಯಿತು. ಚಕ್ರ ಮಡಚಿದೆ, ವಿಮಾನ ಗಾಳಿಯಲ್ಲಿದೆ, ಒಳಗೆ ಯಾರೂ ಇಲ್ಲ. ಪಾಠ ಹೇಳುವವನ ಬುದ್ಧಿಗೆ ಅದು ಒಗ್ಗಲಿಲ್ಲ. ಮನಸ್ಸಿಗಂತೂ ಒಗ್ಗಲೇ ಇಲ್ಲ.

"ಅವರು ಬೇಡ ಅಂದಿದ್ದಾರಲ್ಲ," ಎಂದಳು ನಸ್ರೀನ್.

"ಮಗ ಕೂತ ಜಾಗ ನೋಡೋಕಾಗಲ್ಲ ಅಂತ ಹಾಗಂದ್ರು. ಇವತ್ತಿನ ಸಂಕಟ ಅದು. ಕಲ್ಲು ನಮ್ಮೆಲ್ಲರ ಕಾಲ ಆದ ಮೇಲೂ ನಿಂತಿರುತ್ತೆ. ಅದರಲ್ಲಿ ಅವನೇ ಇಲ್ಲದಿದ್ರೆ ಹೇಗೆ?"

"ನಿಮ್ಮ ಕಲ್ಲಲ್ಲ ಅದು."

ಅವನು ಕೇಳಲಿಲ್ಲ. ಸೀಟು ಇಟ್ಟ. ಅಕ್ಕಿಕಾಳಿನಷ್ಟು ದಪ್ಪ ತಲೆಯ ಪೈಲಟ್ ಒಬ್ಬನನ್ನು ಕೂರಿಸಿದ. ಹೆಲ್ಮೆಟ್ಟಿಗೆ ಬಿಳಿ ಬಳಿದು, ಮುಖವನ್ನು ತುಸು ಮೇಲಕ್ಕೆ ತಿರುಗಿಸಿ, ಗಾಜು ಮುಚ್ಚಿ ಅಂಟಿಸಿದ. ಇನ್ನು ಒಡೆಯದೆ ತೆರೆಯುವಂತಿರಲಿಲ್ಲ.

ಯಗಟಿಯ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ. ಬೇವಿನ ನೆರಳಲ್ಲಿ ಕಲ್ಲು ಮಲಗಿತ್ತು. ಅದರ ಕೆಳಭಾಗದಲ್ಲಿ ಆಗಲೇ ಕುರಿಗಳ ಸಾಲು ಮೂಡಿತ್ತು, ನಡುವೆ ಒಂದಿಷ್ಟು ಜಾಗ ಖಾಲಿ. ಕುರಿ ಮನೆತನದ ಗುರುತು, ಖಾಲಿ ಜಾಗ ಹೆಸರು ಬರೆಯಲು ಎಂದುಕೊಂಡ ಮುಬಶೀರ್.

ಲಕ್ಕಣ್ಣ ವಿಮಾನವನ್ನು ತಲೆಯ ಮೇಲೆ ಹಿಡಿದು ಕತ್ತೆತ್ತಿದ. "ಹಿಂಗೇ ಇತ್ತು," ಎಂದ. ಆಮೇಲೆ ಕೆಳಗಿಳಿಸಿ ಗಾಜಿನೊಳಕ್ಕೆ ನೋಡಿದ. ಹೆಂಡತಿಯ ಮುಖ ನೋಡಿದ.

ಸಂಕಟಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಮುಬಶೀರ್ ಬೇರೆ ಕಡೆ ತಿರುಗಿದ.

"ಕೊಡಪ್ಪ ಇಲ್ಲಿ," ಎಂದು ಗಿರಿಯಪ್ಪ ವಿಮಾನವನ್ನು ಕಲ್ಲಿನ ತಲೆಯ ಹತ್ತಿರ ಇಟ್ಟುಕೊಂಡ. "ನಿಮ್ಮ ಕುರಿಗಿಂತ ವಾಸಿ ಕಣೋ ಲಕ್ಕಣ್ಣ, ಹೇಳ್ದಂಗೆ ನಿಂತ್ಕಂಡೈತೆ." ಸೀಮೆಸುಣ್ಣದಲ್ಲಿ ಮೂತಿ ಬರೆದ, ರೆಕ್ಕೆ ಬರೆದ. ಗಾಜಿನೊಳಗಿನ ದುಂಡು ತಲೆಯನ್ನೂ ಬರೆದ. ಉಳಿ ಎತ್ತಿಕೊಂಡ.

ಅಂಬಮ್ಮ ಮುಂದೆ ಬಂದು ಆ ದುಂಡು ಗೆರೆಯ ಮೇಲೆ ಅಂಗೈ ಇಟ್ಟಳು.

"ಇವನು ಬ್ಯಾಡ ಗಿರಿಯಪ್ಪಣ್ಣ. ಬದುಕಿರೋರ್ನ ಸಾವಿನ ಕಲ್ಲಿಗೆ ಕೊಡಬಾರ್ದು. ಆಯಸ್ಸು ಕಮ್ಮಿ ಆಗ್ತದೆ." ಸೆರಗಿನ ತುದಿಯಿಂದ ಸೀಮೆಸುಣ್ಣವನ್ನು ಒರೆಸತೊಡಗಿದಳು.

ಮುಬಶೀರನಿಗೆ ಅರ್ಥವಾಗಲಿಲ್ಲ. "ಬದುಕಿದ್ದಾನಾ?"

"ಅವನಿಗೇನಪ್ಪ, ಸೀಟು ಸಮೇತ ಮೇಲಕ್ಕೆ ಹಾರಿ ಛತ್ರಿ ಬಿಚ್ಕಂಡ. ಅವನೂ ಒಬ್ಬಳು ತಾಯಿ ಹೆತ್ತ ಮಗ. ಚೆನ್ನಾಗಿರ್ಲಿ."

"ಮತ್ತೆ ಕಲ್ಲು ಯಾರಿಗಮ್ಮ?"

"ನಮ್ಮ ಮಗಳು ಅನುಪಮಾಗೆ. ವಿಮಾನ ಬಿದ್ದ ಬಯಲಲ್ಲಿ ಅವಳು ಕುರಿ ಮೇಯಿಸ್ತಿದ್ಲು."