ತಾಳೆಯಾಗದ ಉತ್ತರ

ನೆರೆ ಬಂದರೆ ಎಷ್ಟು ಮನೆ ಬೀಳುತ್ತವೆ, ಎಷ್ಟು ಜನ ಸಾಯುತ್ತಾರೆ ಎಂದು ಅಂದಾಜು ಹೇಳುವ ಸಾಫ್ಟ್‌ವೇರ್ ಅದು. ಅದನ್ನು ಬಳಸುವ ಅಧಿಕಾರಿಗಳಿಗೆ ನೆರವಾಗಲು ಖಾಸಗಿ ಕಂಪನಿಯೊಂದು ಕೆಲಸಕ್ಕೆ ತೆಗೆದುಕೊಳ್ಳಲಿದ್ದವರಿಗೆ ತರಬೇತಿ ನಡೆದಿತ್ತು. ಕೊನೆಯ ಪರೀಕ್ಷೆಗೆ ಆರು ವರ್ಷದ ಹಿಂದಿನ ನೆರೆಯೊಂದರ ವಿವರ ಕೊಟ್ಟು, ಬಂದ ಉತ್ತರವನ್ನು ಸರ್ಕಾರದ ಪಟ್ಟಿಯ ಜೊತೆ ತಾಳೆ ನೋಡಿದರು. ಒಬ್ಬಳದು ಮಾತ್ರ ತಾಳೆಯಾಗಲಿಲ್ಲ.

"ಪಟ್ಟಿಯಲ್ಲಿ ಸತ್ತವರು ನಲವತ್ತಮೂರು. ನಿಮಗೆ ಅರವತ್ತೊಂದು ಹೇಗೆ ಬಂತಮ್ಮ?" ಎಂದರು ತರಬೇತುದಾರರು. "ಸರಿಮಾಡಿ. ಇಲ್ದಿದ್ರೆ ಸರ್ಟಿಫಿಕೇಟೂ ಇಲ್ಲ, ಕೆಲಸಾನೂ ಇಲ್ಲ."

"ಮೂರು ಸಲ ನೋಡೀನ್ರಿ ಸರ್. ತಪ್ಪಿಲ್ರಿ."

"ಹಾಗಾದ್ರೆ ಸರ್ಕಾರದ ಪಟ್ಟೀನೇ ತಪ್ಪು ಅಂತೀರಾ?"

ಪಟ್ಟಿಗೆ ಹೊಂದುವಂತೆ ಅಂಕಿ ತಿದ್ದಿಕೊಂಡಿದ್ದ ಉಳಿದವರು ನಕ್ಕರು.

"ಪಟ್ಟ್ಯಾಗ ಹೆಣ ಸಿಕ್ಕವರಷ್ಟ ಅದಾರ್ರಿ," ಎಂದಳು ಆಕೆ. "ನಮ್ಮವ್ವ ಇನ್ನೂ ಸಿಕ್ಕಿಲ್ಲ."